ಇಂಗ್ಲಿಷ್ ತರಗತಿಯಲ್ಲಿ ಲಾಫ್ಕಾಡಿಯೊ ಹರ್ನ್: ಭಾಷಾಬೋಧನೆ ಮತ್ತು ಸಾಂಸ್ಕೃತಿಕ ಗ್ರಹೀತಗಳು

1

ಪರಭಾಷೆಯೊಂದನ್ನು ಕಲಿಸುವವರು ಆ ಭಾಷೆಯ ಜೊತೆಗೆ ಅದರ ಲೋಕದೃಷ್ಟಿಯನ್ನೂ ತರಗತಿಯೊಳಕ್ಕೆ ತರುತ್ತಾರೆ ಎಂಬ ತಿಳುವಳಿಕೆ ಕನ್ನಡದ ಸಾಂಸ್ಕೃತಿಕ ಚಿಂತನೆಗೆ ಹೊಸದಲ್ಲ. ಮೆಕಾಲೆಯ 1835ರ ಟಿಪ್ಪಣಿಯನ್ನು ಕುರಿತ ಚರ್ಚೆಗಳು, ಗೌರಿ ವಿಶ್ವನಾಥನ್ ಅವರ 'ಮಾಸ್ಕ್ಸ್ ಆಫ್ ಕಾಂಕ್ವೆಸ್ಟ್' (1989), ರಾಬರ್ಟ್ ಫಿಲಿಪ್‌ಸನ್ ಅವರ 'ಲಿಂಗ್ವಿಸ್ಟಿಕ್ ಇಂಪೀರಿಯಲಿಸಂ' (1992) ಮುಂತಾದ ಕೃತಿಗಳು ಇಂಗ್ಲಿಷ್ ಬೋಧನೆಯ ಹಿಂದಿನ ಯಜಮಾನಿಕೆಯ ನೆಲೆಗಳನ್ನು ನಮಗೆ ಪರಿಚಯಿಸಿವೆ. ಈ ಚರ್ಚೆಗಳಲ್ಲಿ ಇಂಗ್ಲಿಷ್ ಪ್ರಧಾನವಾಗಿ ಅಧಿಕಾರದ ಭಾಷೆ. ಕಲಿಸುವವನು ಆಳುವವನ ಪ್ರತಿನಿಧಿ. ಆದರೆ ಆಳುವವರೂ ಆಳಿಸಿಕೊಳ್ಳುವವರೂ ಎದುರುಬದುರಾಗಿ ಇಲ್ಲದ ತರಗತಿಯಲ್ಲಿ ಈ ಗ್ರಹೀತಗಳು ಹೇಗೆ ಕೆಲಸ ಮಾಡುತ್ತವೆ? ಕಲಿಯುವವರ ಸಂಸ್ಕೃತಿಯನ್ನು ಹೀಗಳೆಯುವ ಬದಲು ಮನಸಾರೆ ಗೌರವಿಸುವ ಶಿಕ್ಷಕನೊಬ್ಬ ಬಂದಾಗ ಅವು ಇಲ್ಲವಾಗುತ್ತವೆಯೇ, ಅಥವಾ ಬೇರೆ ರೂಪ ತಾಳುತ್ತವೆಯೇ?

ಈ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಲಾಫ್ಕಾಡಿಯೊ ಹರ್ನ್‌ನ (1850-1904) ಜೀವನವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹರ್ನ್ ಲೋಕಕ್ಕೆ ಪರಿಚಿತನಾಗಿರುವುದು 'ಕ್ವೈದಾನ್' (1904) ಎಂಬ ಜಪಾನಿ ಪ್ರೇತಕಥೆಗಳ ಸಂಕಲನದಿಂದ. ಜಪಾನಿನಲ್ಲಿ ಅವನು ಕೊಯಿಜುಮಿ ಯಾಕುಮೊ ಎಂಬ ಹೆಸರಿನಿಂದ ಆ ದೇಶದ ಲೇಖಕನೆಂದೇ ಮಾನ್ಯನಾಗಿದ್ದಾನೆ. ಆದರೆ 1890ರಿಂದ 1904ರವರೆಗಿನ ತನ್ನ ಜಪಾನ್ ವಾಸದ ಬಹುಪಾಲು ಕಾಲವನ್ನು ಅವನು ಕಳೆದದ್ದು ಇಂಗ್ಲಿಷ್ ಶಿಕ್ಷಕನಾಗಿ. ಕಥೆಗಾರ ಹರ್ನ್‌ನ ಪ್ರಸಿದ್ಧಿಯಲ್ಲಿ ಶಿಕ್ಷಕ ಹರ್ನ್ ಮರೆಯಾಗಿದ್ದಾನೆ. ತನ್ನ ವಿದ್ಯಾರ್ಥಿಗಳು ಇಂಗ್ಲಿಷ್ ಪಠ್ಯವನ್ನು ಹೇಗೆ ಓದಿದರು, ಏನನ್ನು ಒಪ್ಪಿದರು, ಏನನ್ನು ತಿರಸ್ಕರಿಸಿದರು ಎಂಬುದನ್ನು ವಿವರವಾಗಿ ದಾಖಲಿಸಿದ ಶಿಕ್ಷಕ ಎಂಬ ಕಾರಣಕ್ಕೆ ಅವನ ಬದುಕಿನ ಈ ಮುಖ ಮಹತ್ವದ್ದಾಗಿದೆ.

2

ಹರ್ನ್ ಹುಟ್ಟಿದ್ದು 1850ರ ಜೂನ್ 27ರಂದು, ಆಗ ಬ್ರಿಟಿಷರ ರಕ್ಷಣೆಯಲ್ಲಿದ್ದ ಗ್ರೀಸಿನ ಲೆಫ್ಕಾಡಾ ದ್ವೀಪದಲ್ಲಿ. ಅವನ ಹೆಸರು ಈ ದ್ವೀಪದಿಂದಲೇ ಬಂದುದು. ತಂದೆ ಚಾರ್ಲ್ಸ್ ಬುಷ್ ಹರ್ನ್ ಬ್ರಿಟಿಷ್ ಸೈನ್ಯದಲ್ಲಿದ್ದ ಐರಿಷ್ ವೈದ್ಯ. ತಾಯಿ ರೋಸಾ ಗ್ರೀಕ್ ಮಹಿಳೆ. ಎರಡು ವರ್ಷದ ಮಗುವನ್ನು ಡಬ್ಲಿನ್ನಿಗೆ ಕರೆತರಲಾಯಿತು. ಅಲ್ಲಿನ ಭಾಷೆಯೂ ಹವೆಯೂ ಜನರೂ ಒಗ್ಗದ ತಾಯಿ 1854ರಲ್ಲಿ ಮಗನನ್ನು ಬಿಟ್ಟು ಗ್ರೀಸಿಗೆ ಹಿಂದಿರುಗಿದಳು. ಮತ್ತೆಂದೂ ಅವನು ಅವಳನ್ನು ಕಾಣಲಿಲ್ಲ. ತಂದೆ ಈ ಮದುವೆಯನ್ನು ರದ್ದುಪಡಿಸಿಕೊಂಡು ಬೇರೆ ಮದುವೆಯಾದ. ಸಂಬಂಧದಲ್ಲಿ ಅಜ್ಜಿಯಾಗಬೇಕಾಗಿದ್ದ ಸಾರಾ ಬ್ರೆನೇನ್ ಹುಡುಗನನ್ನು ಸಾಕಿದಳು. ಇಂಗ್ಲೆಂಡಿನ ಡರ್ಹಮ್ ಬಳಿಯ ಅಷಾದ ಕ್ಯಾಥೊಲಿಕ್ ವಿದ್ಯಾಲಯದಲ್ಲಿ ಓದುತ್ತಿದ್ದಾಗ, ಹದಿನಾರನೆಯ ವಯಸ್ಸಿನಲ್ಲಿ ಆಟದ ವೇಳೆ ಪೆಟ್ಟುಬಿದ್ದು ಎಡಗಣ್ಣು ಹೋಯಿತು. ಸಾಕಿದಾಕೆ ಆಸ್ತಿ ಕಳೆದುಕೊಂಡದ್ದರಿಂದ ಓದೂ ನಿಂತಿತು.

1869ರಲ್ಲಿ ಅಮೆರಿಕದ ಸಿನ್ಸಿನಾಟಿಗೆ ಬಂದ ಹರ್ನ್ ಬಡತನದಲ್ಲಿ ಅಲೆದು, ಹೆನ್ರಿ ವಾಟ್ಕಿನ್ ಎಂಬ ಮುದ್ರಕನ ಆಶ್ರಯ ಪಡೆದು, ಕ್ರಮೇಣ ಪತ್ರಕರ್ತನಾದ. 1874ರಲ್ಲಿ ಅವನು ಅಲೀಥಿಯಾ ಫೋಲಿ ಎಂಬ ಆಫ್ರಿಕನ್-ಅಮೆರಿಕನ್ ಮಹಿಳೆಯನ್ನು ಮದುವೆಯಾದ. ಒಹಾಯೊ ರಾಜ್ಯದ ಕಾನೂನು ಅಂಥ ಮದುವೆಯನ್ನು ನಿಷೇಧಿಸಿತ್ತು. ಈ ಕಾರಣಕ್ಕೆ ಪತ್ರಿಕೆಯ ಕೆಲಸ ಹೋಯಿತು. ಮದುವೆಯೂ ಬಹುಕಾಲ ಉಳಿಯಲಿಲ್ಲ. 1877ರಿಂದ ಸುಮಾರು ಹತ್ತು ವರ್ಷ ನ್ಯೂ ಆರ್ಲಿಯನ್ಸ್‌ನಲ್ಲಿದ್ದು, ಅಲ್ಲಿನ ಕ್ರಿಯೋಲ್ ಜನರ ಬದುಕನ್ನು ಕುರಿತು ಬರೆದ. ಆರು ಕ್ರಿಯೋಲ್ ಉಪಭಾಷೆಗಳ ಗಾದೆಗಳನ್ನು ಸಂಗ್ರಹಿಸಿ 1885ರಲ್ಲಿ ಪ್ರಕಟಿಸಿದ. ಅನಂತರ ಎರಡು ವರ್ಷ ಕೆರಿಬಿಯನ್‌ನ ಮಾರ್ಟಿನಿಕ್ ದ್ವೀಪದಲ್ಲಿದ್ದ.

ಶುದ್ಧ ಎನ್ನಲಾಗುವ ಭಾಷೆಯ ಅಂಚಿನಲ್ಲಿ ಬದುಕುವವರ ಮಾತಿಗೆ ಕಿವಿಗೊಡುವ ಅಭ್ಯಾಸ ಅವನಿಗೆ ಜಪಾನಿಗೆ ಹೋಗುವ ಮುನ್ನವೇ ಇತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ಅವನು ಯಾವುದೇ ಒಂದು ನಾಡಿಗೆ ಸಲ್ಲದವನಾಗಿದ್ದ. ಪಾಶ್ಚಾತ್ಯ ನಾಗರಿಕತೆಯ ಹಿರಿಮೆಯನ್ನು ಸಾರುವ ಉತ್ಸಾಹ ಅವನಲ್ಲಿ ಇರಲಿಲ್ಲ. ಕ್ರೈಸ್ತ ಮಿಷನರಿಗಳ ಬಗ್ಗೆ ತೀವ್ರ ಅಸಹನೆಯಿತ್ತು. ಆ ಕಾಲದ ಇತರ ವಿದೇಶಿ ಶಿಕ್ಷಕರಿಗಿಂತ ಅವನು ಭಿನ್ನನಾದದ್ದಕ್ಕೆ ಈ ಹಿನ್ನೆಲೆ ಮುಖ್ಯ ಕಾರಣ.

3

1868ರ ಮೇಯ್ಜಿ ಸ್ಥಿತ್ಯಂತರದ ಅನಂತರ ಜಪಾನ್ ತಾನಾಗಿಯೇ ಇಂಗ್ಲಿಷನ್ನು ಬರಮಾಡಿಕೊಂಡಿತು. ಹೆಚ್ಚಿನ ಸಂಬಳ ಕೊಟ್ಟು ವಿದೇಶಿ ತಜ್ಞರನ್ನೂ ಶಿಕ್ಷಕರನ್ನೂ ಕರೆಸಿಕೊಂಡಿತು. ಮುಂದೆ ಶಿಕ್ಷಣ ಮಂತ್ರಿಯಾದ ಮೊರಿ ಅರಿನೊರಿಯಂಥವರು 1870ರ ದಶಕದ ಆರಂಭದಲ್ಲಿ ಇಂಗ್ಲಿಷನ್ನೇ ರಾಷ್ಟ್ರದ ಭಾಷೆಯಾಗಿಸುವ ಆಲೋಚನೆಯನ್ನೂ ಮುಂದಿಟ್ಟಿದ್ದರು. 1889ರಲ್ಲಿ ಮೊರಿ ಕೊಲೆಯಾದ. ಗಾಳಿ ತಿರುಗತೊಡಗಿತ್ತು. ಇಂಗ್ಲಿಷ್ ಬೇಕು, ಆದರೆ ಇಂಗ್ಲಿಷರಾಗುವುದು ಬೇಡ ಎಂಬ ಭಾವನೆ ಬಲಿಯುತ್ತಿದ್ದ ಹೊತ್ತಿನಲ್ಲಿ, 1890ರ ಏಪ್ರಿಲ್‌ನಲ್ಲಿ, ಹರ್ನ್ ಪತ್ರಿಕಾ ಲೇಖಕನಾಗಿ ಯೊಕೊಹಾಮಾಕ್ಕೆ ಬಂದಿಳಿದ. ಕಳುಹಿಸಿದ ಪ್ರಕಾಶಕರೊಡನೆ ಬೇಗನೆ ಮನಸ್ತಾಪವಾಗಿ ಒಪ್ಪಂದ ಮುರಿಯಿತು. ಭಾಷಾವಿದ್ವಾಂಸ ಬೇಸಿಲ್ ಹಾಲ್ ಚೇಂಬರ್ಲೇನ್ ಮತ್ತು ಶಿಕ್ಷಣ ಇಲಾಖೆಯ ಹತ್ತೋರಿ ಇಚಿಜೊ ಅವರ ನೆರವಿನಿಂದ ಮಾತ್ಸುಯೆ ಎಂಬ ಪಶ್ಚಿಮದ ಹಳೆಯ ಊರಿನ ಮಾಧ್ಯಮಿಕ ಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕನ ಕೆಲಸ ದೊರೆಯಿತು.

ಮಾತ್ಸುಯೆಯಲ್ಲಿ ಅವನು ಇದ್ದದ್ದು ಸುಮಾರು ಹದಿನೈದು ತಿಂಗಳು ಮಾತ್ರ. ಅಲ್ಲಿ ಸಹಶಿಕ್ಷಕ ನಿಷಿದಾ ಸೆಂತಾರೊ ಆಪ್ತಮಿತ್ರನಾದ. 1891ರಲ್ಲಿ ಬಡತನಕ್ಕಿಳಿದ ಸಮುರಾಯ್ ಮನೆತನದ ಕೊಯಿಜುಮಿ ಸೆತ್ಸು ಅವನ ಬಾಳಿಗೆ ಬಂದಳು. ಈ ಅವಧಿಯ ತರಗತಿಯ ಅನುಭವವನ್ನು ಅವನು 'ಗ್ಲಿಂಪ್ಸಸ್ ಆಫ್ ಅನ್‌ಫೆಮಿಲಿಯರ್ ಜಪಾನ್' (1894) ಕೃತಿಯಲ್ಲಿ ಇಂಗ್ಲಿಷ್ ಶಿಕ್ಷಕನೊಬ್ಬನ ದಿನಚರಿಯ ರೂಪದಲ್ಲಿ ಬರೆದಿದ್ದಾನೆ.

ಆ ದಿನಚರಿಯಲ್ಲಿ ಪ್ರಶ್ನೆ ಕೇಳುವವರು ಹೆಚ್ಚಾಗಿ ವಿದ್ಯಾರ್ಥಿಗಳು. ತಂದೆಯೂ ಹೆಂಡತಿಯೂ ಒಟ್ಟಿಗೆ ನೀರಿಗೆ ಬಿದ್ದರೆ ಯುರೋಪಿನವನು ಮೊದಲು ಹೆಂಡತಿಯನ್ನೇ ಉಳಿಸುತ್ತಾನಂತೆ, ನಿಜವೇ ಎಂದು ಒಬ್ಬ ಹುಡುಗ ಕೇಳುತ್ತಾನೆ. ದುರ್ಬಲರಿಗೆ, ವಿಶೇಷವಾಗಿ ಹೆಂಗಸರು ಮಕ್ಕಳಿಗೆ, ಮೊದಲು ನೆರವಾಗುವುದು ಅಲ್ಲಿನ ಧರ್ಮವೆಂದು ಹರ್ನ್ ವಿವರಿಸುತ್ತಾನೆ. ಹಾಗಾದರೆ ಅಲ್ಲಿ ತಂದೆತಾಯಿಗಿಂತ ಹೆಂಡತಿಯ ಮೇಲೆ ಪ್ರೀತಿ ಹೆಚ್ಚೇ ಎಂದು ಹುಡುಗ ಮುಂದುವರಿಯುತ್ತಾನೆ. ತನಗೆ ಅದು ನೀತಿಗೆಟ್ಟದ್ದಾಗಿ ಕಾಣುತ್ತದೆಂದು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಇಂಗ್ಲಿಷ್ ಪಾಠದ ಪುಸ್ತಕಗಳು ಯಾವ ಕುಟುಂಬವನ್ನು ಸಹಜವೆಂದು ಗ್ರಹಿಸಿ ರಚಿತವಾಗಿದ್ದವೋ ಆ ಕುಟುಂಬವೇ ಈ ಹುಡುಗನಿಗೆ ಪ್ರಶ್ನಾರ್ಹವಾಗಿತ್ತು. ಅವನಿಗೆ ಪದಗಳ ಅರ್ಥ ಗೊತ್ತಿತ್ತು. ಒಪ್ಪಿಗೆಯಾಗದೆ ಉಳಿದದ್ದು ಆ ಪದಗಳ ಹಿಂದಿನ ನೀತಿ. ಹರ್ನ್ ಇದನ್ನು ತಿದ್ದಬೇಕಾದ ತಪ್ಪೆಂದು ಭಾವಿಸಲಿಲ್ಲ. ಬರೆದಿಡಬೇಕಾದ ವಿಚಾರವೆಂದು ಭಾವಿಸಿದ.

ಪ್ರಬಂಧಗಳ ವಿಷಯದಲ್ಲಿ ಅವನ ನಿಲುವು ಇಷ್ಟು ನಿರ್ಮಲವಾಗಿಲ್ಲ. ಹುಡುಗರು ಇಂಗ್ಲಿಷಿನಲ್ಲಿ ಬರೆದ ಪ್ರಬಂಧಗಳನ್ನು ಅವನು ಪ್ರೀತಿಯಿಂದ ಓದಿದ, ಹಲವನ್ನು ತನ್ನ ಪುಸ್ತಕದಲ್ಲಿ ಸೇರಿಸಿದ. ಆದರೆ ಅವೆಲ್ಲವೂ ಒಂದನ್ನೊಂದು ಹೋಲುತ್ತವೆ, ಕಲ್ಪನೆಯಲ್ಲಿ ಸ್ವಂತಿಕೆ ಕಡಿಮೆ ಎಂದು ಅವನಿಗೆ ಅನ್ನಿಸಿತು. ಜಪಾನಿ ವಿದ್ಯಾರ್ಥಿಯ ಕಲ್ಪನೆಯನ್ನು ಶತಮಾನಗಳ ಹಿಂದೆಯೇ ಚೀನಾದಲ್ಲೂ ಜಪಾನಿನಲ್ಲೂ ಇತರರು ರೂಪಿಸಿಟ್ಟಿದ್ದಾರೆ ಎಂಬುದು ಅವನು ಕೊಟ್ಟ ಕಾರಣ. ಸ್ವಂತಿಕೆಯೆಂದರೆ ಹಿಂದೆ ಯಾರೂ ಹೇಳದ ಉಪಮೆಯನ್ನು ಹೇಳುವುದು ಎಂಬ ರಮ್ಯಪಂಥದ ಗ್ರಹೀತ ಇಲ್ಲಿ ಅಳತೆಗೋಲಾಗಿದೆ. ಪರಂಪರೆಯ ಉಪಮೆಯನ್ನು ಸಂದರ್ಭಕ್ಕೆ ತಕ್ಕಂತೆ ಬಳಸುವುದೇ ಬರವಣಿಗೆಯ ಸಾಮರ್ಥ್ಯವೆಂದು ತಿಳಿದ ಕಾವ್ಯಶಿಕ್ಷಣವೂ ಇರಬಹುದೆಂಬುದು, ಕವಿಸಮಯಗಳನ್ನು ಬಲ್ಲ ಕನ್ನಡ ಓದುಗರಿಗೆ ಹೇಳಬೇಕಾದ ಮಾತಲ್ಲ.

ಮಾತ್ಸುಯೆಯ ದಿನಗಳಲ್ಲಿ ಇನ್ನೊಂದು ಸಂಗತಿ ನಡೆಯಿತು. 1890ರ ಅಕ್ಟೋಬರ್ 30ರಂದು ಚಕ್ರವರ್ತಿಯ ಶಿಕ್ಷಣ ಶಾಸನ ಹೊರಬಿತ್ತು. ಪಿತೃಭಕ್ತಿ ಮತ್ತು ರಾಜಭಕ್ತಿಗಳನ್ನು ಅದು ಶಿಕ್ಷಣದ ತಳಹದಿಯಾಗಿಸಿತು. ಈ ಭಕ್ತಿಯನ್ನು ಹಳಿಯುವ ವಿದೇಶಿಯರ ಮಾತು ತರಗತಿಯಲ್ಲಿ ಬಂದಾಗ ಹರ್ನ್ ಹುಡುಗರ ಪರವಾಗಿ ನಿಂತ. ಚಕ್ರವರ್ತಿಯ ಗೌರವ ಅವರ ಪರಮ ಕರ್ತವ್ಯವೆಂದು ಹೇಳಿದ. ಮಿಷನರಿ ಶಿಕ್ಷಕನ ಅಹಂಕಾರಕ್ಕೆ ಎದುರಾದ ಈ ನಿಲುವು ಉದಾರವಾಗಿ ಕಾಣುತ್ತದೆ. ಆದರೆ ಅದೇ ಶಾಸನದ ಎದುರು ಸಾಕಷ್ಟು ತಲೆಬಾಗಲಿಲ್ಲವೆಂಬ ಕಾರಣಕ್ಕೆ 1891ರ ಜನವರಿಯಲ್ಲಿ ಟೋಕಿಯೊದ ಶಿಕ್ಷಕ ಉಚಿಮುರಾ ಕಾನ್ಜೊ ತನ್ನ ಕೆಲಸ ಕಳೆದುಕೊಳ್ಳಬೇಕಾಯಿತು. ಉಚಿಮುರಾ ಕೂಡ ಜಪಾನೀಯನೇ. ಕಲಿಯುವವರ ಸಂಸ್ಕೃತಿಯನ್ನು ಗೌರವಿಸುತ್ತೇನೆಂದು ಹೊರಟ ಶಿಕ್ಷಕ, ಆ ಸಂಸ್ಕೃತಿಯೊಳಗೆ ಪ್ರಭುತ್ವ ಯಾವುದನ್ನು ಎತ್ತಿಹಿಡಿಯುತ್ತದೆಯೋ ಅದನ್ನೇ ಇಡೀ ಸಂಸ್ಕೃತಿಯೆಂದು ತಿಳಿಯುವ ಅಪಾಯ ಇಲ್ಲಿ ಸ್ಪಷ್ಟವಾಗುತ್ತದೆ.

4

1891ರ ನವೆಂಬರ್‌ನಲ್ಲಿ ಹರ್ನ್ ಕ್ಯೂಷು ದ್ವೀಪದ ಕುಮಾಮೊಟೊದ ಐದನೆಯ ಉನ್ನತ ಮಾಧ್ಯಮಿಕ ಶಾಲೆಗೆ ಹೋದ. ಜೂಡೊ ವಿದ್ಯೆಯ ಸ್ಥಾಪಕ ಕಾನೊ ಜಿಗೊರೊ ಆಗ ಅಲ್ಲಿನ ಮುಖ್ಯಸ್ಥ. ವಿದ್ಯಾರ್ಥಿಗಳು ವಯಸ್ಸಿನಲ್ಲಿ ದೊಡ್ಡವರು, ಮಿತಭಾಷಿಗಳು. ಮಾತ್ಸುಯೆಯ ಹುಡುಗರ ಸಲುಗೆ ಅವರಲ್ಲಿ ಇರಲಿಲ್ಲ. ಎದುರಾಳಿಯ ಬಲವನ್ನೇ ಬಳಸಿಕೊಂಡು ಅವನನ್ನು ಗೆಲ್ಲುವ ಜುಜುತ್ಸುವಿನ ತತ್ವವನ್ನು ಇಲ್ಲಿ ಕಂಡ ಹರ್ನ್, ಜಪಾನ್ ಪಶ್ಚಿಮದ ವಿದ್ಯೆಯನ್ನು ತೆಗೆದುಕೊಂಡ ಬಗೆಯನ್ನು ವಿವರಿಸಲು ಅದನ್ನೇ ರೂಪಕವಾಗಿ ಬಳಸಿದ. ಈ ಅರ್ಥದಲ್ಲಿ ಇಂಗ್ಲಿಷ್ ಕೂಡ ಎದುರಾಳಿಯಿಂದ ಪಡೆದ ಬಲ. ಅದನ್ನು ಕಲಿಯುವವನು ಕಲಿಸುವವನಂತೆ ಆಗಬೇಕಾಗಿಲ್ಲ.

'ಔಟ್ ಆಫ್ ದಿ ಈಸ್ಟ್' (1895) ಕೃತಿಯಲ್ಲಿ ಕ್ಯೂಷುವಿನ ವಿದ್ಯಾರ್ಥಿಗಳನ್ನು ಕುರಿತ ಲೇಖನವಿದೆ. ಅಲ್ಲಿ ಬರುವ ಎರಡು ಪ್ರಸಂಗಗಳು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಹರ್ನ್ ವಿದ್ಯಾರ್ಥಿಗಳಿಗೆ ಗ್ರೀಕರ ಅಡ್ಮೆಟಸ್ ಮತ್ತು ಅಲ್ಸೆಸ್ಟಿಸರ ಕಥೆಯನ್ನು ಸರಳ ಇಂಗ್ಲಿಷಿನಲ್ಲಿ ಹೇಳಿದ. ಸಾವು ಬಂದ ರಾಜ ಅಡ್ಮೆಟಸ್ ತನ್ನ ಬದಲಿಗೆ ಸಾಯಲು ವೃದ್ಧ ತಂದೆತಾಯಿಗಳನ್ನು ಕೇಳಿಕೊಳ್ಳುತ್ತಾನೆ, ಅವರು ಒಪ್ಪುವುದಿಲ್ಲ. ಹೆಂಡತಿ ಅಲ್ಸೆಸ್ಟಿಸ್ ಒಪ್ಪಿ ಸಾಯುತ್ತಾಳೆ. ವೀರ ಹೆರಾಕ್ಲಿಸ್ ಅವಳನ್ನು ಸಾವಿನಿಂದ ಬಿಡಿಸಿ ತರುತ್ತಾನೆ. ಪಶ್ಚಿಮದ ಓದುಗನಿಗೆ ಇದು ಸತಿಯ ಪ್ರೇಮತ್ಯಾಗದ ಕಥೆ. ಕುಮಾಮೊಟೊದ ತರುಣರಿಗೆ ಅದು ಪಿತೃದ್ರೋಹದ ಕಥೆಯಾಗಿ ಕಂಡಿತು. ತನ್ನ ಜೀವ ಉಳಿಸಿಕೊಳ್ಳಲು ತಂದೆಯ ಜೀವ ಕೇಳಿದವನು ಹೇಡಿ, ನೀಚ ಎಂದು ಅವರು ತೀರ್ಪಿತ್ತರು. ಕಥೆಯ ಕೇಂದ್ರವೇ ಸ್ಥಳಾಂತರಗೊಂಡಿತು.

ಎರಡನೆಯದು ಮ್ಯಾಲರಿ ಹೇಳುವ ಸರ್ ಬೋರ್ಸ್‌ನ ಪ್ರಸಂಗ. ಶತ್ರುಗಳ ಕೈಗೆ ಸಿಕ್ಕ ಸ್ವಂತ ಸಹೋದರನನ್ನು ಬಿಟ್ಟು, ಅಪಾಯದಲ್ಲಿರುವ ಅಪರಿಚಿತ ಕನ್ಯೆಯ ರಕ್ಷಣೆಗೆ ಹೋಗುವ ಯೋಧನ ಕಥೆ ಅದು. ಇದನ್ನೂ ವಿದ್ಯಾರ್ಥಿಗಳು ಒಪ್ಪಲಿಲ್ಲ. ಸಮಾಜ ಕುಟುಂಬಗಳಿಂದ ಕೂಡಿರುವವರೆಗೆ ಕುಟುಂಬದ ಪ್ರೀತಿಯೇ ಅದರ ಬಲ. ಆದ್ದರಿಂದ ಈ ನಡತೆ ಸರಿಯಲ್ಲ ಎಂಬುದು ಒಬ್ಬನ ವಾದ. ಎಲ್ಲ ಮನುಷ್ಯರೂ ಸಹೋದರರೆನ್ನುವ ಕ್ರೈಸ್ತ ಧರ್ಮಕ್ಕೂ ಇದು ವಿರುದ್ಧವಲ್ಲವೇ ಎಂದೂ ಆತ ಕೇಳಿದ. ಇಲ್ಲಿ ವಿದ್ಯಾರ್ಥಿ ತನ್ನ ಸಂಸ್ಕೃತಿಯ ಮೌಲ್ಯವನ್ನು ಮುಂದಿಡುವುದಷ್ಟೇ ಅಲ್ಲದೆ, ಪಠ್ಯವನ್ನು ಅದರದೇ ಧರ್ಮದ ಮಾತಿನಿಂದ ಪರೀಕ್ಷಿಸುತ್ತಾನೆ. ಯಾವುದೇ ಸಾಹಿತ್ಯ ತರಗತಿ ಹೆಮ್ಮೆಪಡಬೇಕಾದ ಓದು ಇದು.

ಅಲ್ಸೆಸ್ಟಿಸಳ ಕಥೆ ನಮ್ಮ ತರಗತಿಗಳಲ್ಲಿ ಬಂದಿದ್ದರೆ ವಿದ್ಯಾರ್ಥಿಗಳಿಗೆ ಸಾವಿತ್ರಿಯೂ ಯಯಾತಿಯೂ ನೆನಪಾಗುತ್ತಿದ್ದರು. ಅಡ್ಮೆಟಸ್ ತಂದೆಯ ಜೀವವನ್ನು ಕೇಳಿದರೆ, ಯಯಾತಿ ಮಗನ ಯೌವನವನ್ನು ಕೇಳಿದ. ಪರಂಪರೆ ಪುರುವಿನ ತ್ಯಾಗವನ್ನು ಹೊಗಳಿತು. ಗಿರೀಶ ಕಾರ್ನಾಡರ 'ಯಯಾತಿ' (1961) ನಾಟಕದಲ್ಲಿ ಪುರುವಿನ ಹೆಂಡತಿ ಚಿತ್ರಲೇಖೆ ಆ ತ್ಯಾಗವನ್ನು ಪ್ರಶ್ನಿಸಿದಳು. ಪಿತೃಭಕ್ತಿಯನ್ನು ಹಿರಿದೆನ್ನುವ ಸಂಸ್ಕೃತಿಯ ಒಳಗಿನಿಂದಲೇ ಅದನ್ನು ಪ್ರಶ್ನಿಸುವ ದನಿಯೂ ಹುಟ್ಟುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಹರ್ನ್ ಕಾಣದೆ ಹೋದದ್ದು ಈ ಸಾಧ್ಯತೆಯನ್ನು.

ಅದೇ ಪುಸ್ತಕದ ಇನ್ನೊಂದು ಲೇಖನ, ಇಂಗ್ಲಿಷ್ ಕಾದಂಬರಿಗಳಲ್ಲಿ ಪ್ರೇಮ ಮತ್ತು ಮದುವೆಯ ಮಾತು ಏಕೆ ಇಷ್ಟೊಂದು ಬರುತ್ತದೆ ಎಂಬ ವಿದ್ಯಾರ್ಥಿಗಳ ಪ್ರಶ್ನೆಯಿಂದ ಆರಂಭವಾಗುತ್ತದೆ. ಪಶ್ಚಿಮದಲ್ಲಿ ಸ್ತ್ರೀಗೆ ಆರಾಧನೆಯಂಥ ಸ್ಥಾನವಿದೆ. ಜಪಾನಿನಲ್ಲಿ ಮೊದಲ ಋಣ ತಂದೆತಾಯಿಗಳದು. ಆದ್ದರಿಂದ ಈ ಕಾದಂಬರಿಗಳು ಇಲ್ಲಿನ ತರುಣರಿಗೆ ವಿಚಿತ್ರವಾಗಿಯೂ ಅಸಭ್ಯವಾಗಿಯೂ ಕಾಣುತ್ತವೆ ಎಂದು ಹರ್ನ್ ವಿವರಿಸಿದ. ಪಠ್ಯಪುಸ್ತಕದ ಆಯ್ಕೆಯಲ್ಲಿಯೇ ಒಂದು ಸಂಸ್ಕೃತಿ ಅಡಗಿರುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಕಂಡ ಶಿಕ್ಷಕರು ಆ ಕಾಲದಲ್ಲಿ ವಿರಳ. ಆದರೆ ಹರ್ಬರ್ಟ್ ಸ್ಪೆನ್ಸರನ ವಿಕಾಸವಾದವನ್ನು ಗಾಢವಾಗಿ ನಂಬಿದ್ದ ಅವನು, ಭಾವನೆಗಳು ಜನಾಂಗದ ರಕ್ತದಲ್ಲಿ ಸಂಚಿತವಾಗಿ ಬರುತ್ತವೆಂದು ತಿಳಿದ. ವಿದ್ಯಾರ್ಥಿಗಳ ಅಸಮ್ಮತಿ ಅವನ ದೃಷ್ಟಿಯಲ್ಲಿ ನಿಧಾನವಾಗಿ ಜನಾಂಗದ ಲಕ್ಷಣವಾಯಿತು; ದಾಟಲಾಗದ ಕಂದರವಾಯಿತು.

5

1894ರಲ್ಲಿ ಕುಮಾಮೊಟೊ ಬಿಟ್ಟು ಕೋಬೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಕೆಲವು ತಿಂಗಳು ದುಡಿದ ಹರ್ನ್, ಕಣ್ಣಿನ ತೊಂದರೆಯಿಂದ ಅದನ್ನೂ ಬಿಟ್ಟ. 1896ರಲ್ಲಿ ಹೆಂಡತಿಯ ಮನೆತನಕ್ಕೆ ಸೇರಿ, ಕೊಯಿಜುಮಿ ಯಾಕುಮೊ ಎಂಬ ಹೆಸರಿನಿಂದ ಜಪಾನಿನ ಪ್ರಜೆಯಾದ. ಅದೇ ವರ್ಷ ತೋಯಾಮಾ ಮಸಕಜುವಿನ ಆಹ್ವಾನದ ಮೇರೆಗೆ ಟೋಕಿಯೊ ಸಾಮ್ರಾಜ್ಯ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯದ ಉಪನ್ಯಾಸಕನಾದ.

ಅವನ ಬೋಧನಾಕ್ರಮ ವಿಶಿಷ್ಟವಾಗಿತ್ತು. ಬರೆದು ತಂದ ಉಪನ್ಯಾಸವನ್ನು ಓದುತ್ತಿರಲಿಲ್ಲ. ಸರಳ ವಾಕ್ಯಗಳಲ್ಲಿ, ವಿದ್ಯಾರ್ಥಿಗಳು ಪೂರ್ತಿಯಾಗಿ ಬರೆದುಕೊಳ್ಳುವಷ್ಟು ನಿಧಾನವಾಗಿ ಮಾತನಾಡುತ್ತಿದ್ದ. ವಿದ್ಯಾರ್ಥಿಗಳು ಕಾಪಾಡಿದ ಆ ಟಿಪ್ಪಣಿಗಳೇ ಅವನ ಮರಣಾನಂತರ ಜಾನ್ ಅರ್ಸ್ಕಿನ್‌ನ ಸಂಪಾದಕತ್ವದಲ್ಲಿ 'ಇಂಟರ್‌ಪ್ರಿಟೇಶನ್ಸ್ ಆಫ್ ಲಿಟರೇಚರ್' (1915) ಮೊದಲಾದ ಸಂಪುಟಗಳಾದವು. ಪಠ್ಯದ ಆಯ್ಕೆಯಲ್ಲಿ ಅವನು ಕಲಿಯುವವರ ರುಚಿಯಿಂದ ಹೊರಟ. ಹಾಯ್ಕುವನ್ನು ಬಲ್ಲವರಿಗೆ ಇಂಗ್ಲಿಷ್ ಕಾವ್ಯದ ಅತಿ ಕಿರಿಯ ರೂಪಗಳನ್ನು ಪರಿಚಯಿಸಿದ. ಕೀಟಗಳ ದನಿಗೆ ಮನಸೋಲುವ ನಾಡಿನವರಿಗೆ ಕೀಟಗಳನ್ನು ಕುರಿತ ಇಂಗ್ಲಿಷ್ ಕವಿತೆಗಳನ್ನು ಹುಡುಕಿ ತಂದ. ಬೈಬಲ್ಲನ್ನು ಮತದ ಗ್ರಂಥವಾಗಿ ಹೇಳದೆ ಇಂಗ್ಲಿಷ್ ಗದ್ಯವನ್ನು ರೂಪಿಸಿದ ಕೃತಿಯಾಗಿ ವಿವರಿಸಿದ. ಪಾಶ್ಚಾತ್ಯ ಸಾಹಿತ್ಯದ ಓದು ಜಪಾನಿ ಸಾಹಿತ್ಯದ ಸೃಷ್ಟಿಗೆ ನೆರವಾಗಬೇಕೆಂಬುದು ಅವನ ಆಶಯವಾಗಿತ್ತು.

ಈ ಉಪನ್ಯಾಸಗಳಲ್ಲಿ ದಾಟಲಾಗದ ತೊಡಕನ್ನು ಕುರಿತದ್ದೊಂದಿದೆ. ಇಂಗ್ಲಿಷ್ ಸಾಹಿತ್ಯವನ್ನು ಜಪಾನಿ ವಿದ್ಯಾರ್ಥಿ ಅರಿಯುವಲ್ಲಿ ಭಾಷೆಯ ತೊಡಕಿಗಿಂತ ದೊಡ್ಡದು ಪಶ್ಚಿಮದಲ್ಲಿ ಸ್ತ್ರೀಗಿರುವ ಸ್ಥಾನ ಎಂಬುದು ಅದರ ತಿರುಳು. ಕುಮಾಮೊಟೊದ ಪ್ರಶ್ನೆಯೇ ಇಲ್ಲಿ ಸಿದ್ಧಾಂತವಾಗಿದೆ. ಆದರೆ ಇತಿಹಾಸ ಈ ಸಿದ್ಧಾಂತವನ್ನು ಪುಷ್ಟೀಕರಿಸುವುದಿಲ್ಲ. ಪ್ರೇಮಿಗಳ ಆತ್ಮಹತ್ಯೆಯನ್ನು ಕುರಿತ ಚಿಕಾಮತ್ಸು ಮೊನ್ಜಾಯೆಮೊನ್‌ನ ನಾಟಕಗಳು ಹದಿನೆಂಟನೆಯ ಶತಮಾನದ ಆರಂಭದಿಂದಲೇ ಜಪಾನಿನ ರಂಗದ ಮೇಲಿದ್ದವು. ಹರ್ನ್ ಕುಮಾಮೊಟೊದಲ್ಲಿದ್ದ 1892ರಲ್ಲಿಯೇ ತರುಣ ಕವಿ ಕಿತಾಮುರಾ ತೋಕೊಕು ಪ್ರೇಮವನ್ನು ಬದುಕಿನ ರಹಸ್ಯದ ಕೀಲಿಕೈಯೆಂದು ಸಾರಿದ ಲೇಖನವನ್ನು ಪ್ರಕಟಿಸಿದ್ದ. ಹರ್ನ್‌ನ ತರಗತಿಯಲ್ಲಿ ಕುಳಿತು ಕೇಳಿದವರಲ್ಲಿ ಕುರಿಯಾಗಾವಾ ಹಾಕುಸನ್ ಒಬ್ಬ. ಆಧುನಿಕ ಪ್ರೇಮದ ಪರಿಕಲ್ಪನೆಯನ್ನು ಪ್ರತಿಪಾದಿಸಿ ಅವನು 1920ರ ದಶಕದ ಆರಂಭದಲ್ಲಿ ಬರೆದ ಪುಸ್ತಕ ಜಪಾನಿನಲ್ಲಿ ಅಪಾರ ಜನಪ್ರಿಯತೆ ಪಡೆಯಿತು. ದಾಟಲಾಗದು ಎಂದುಕೊಂಡದ್ದನ್ನು ಸುಮಾರು ಎರಡು ದಶಕಗಳಲ್ಲಿ ಸ್ವಂತ ವಿದ್ಯಾರ್ಥಿಯೇ ದಾಟಿದ್ದ.

ಮನೆಯೊಳಗಿನ ಹರ್ನ್ ಈ ಸಿದ್ಧಾಂತಕ್ಕೆ ಇನ್ನೊಂದು ಬಗೆಯಲ್ಲಿ ಉತ್ತರ ಕೊಡುತ್ತಾನೆ. ಅವನಿಗೆ ಜಪಾನಿ ಪುಸ್ತಕಗಳನ್ನು ಸರಾಗವಾಗಿ ಓದಲು ಬರುತ್ತಿರಲಿಲ್ಲ. ಸೆತ್ಸುವಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ವ್ಯಾಕರಣ ಪ್ರತ್ಯಯಗಳನ್ನೆಲ್ಲ ಬಿಟ್ಟ, ಇವರಿಬ್ಬರಿಗೆ ಮಾತ್ರ ತಿಳಿಯುವ ಒಂದು ಜಪಾನಿಯಲ್ಲಿ ದಂಪತಿಗಳು ಮಾತನಾಡಿಕೊಳ್ಳುತ್ತಿದ್ದರು. ಆ ಭಾಷೆಯಲ್ಲಿಯೇ ಸೆತ್ಸು ಹಳೆಯ ಕಥೆಗಳನ್ನು ಹೇಳಿದಳು. ಪುಸ್ತಕ ನೋಡಿ ಹೇಳಬೇಡ, ನಿನ್ನದೇ ಮಾತಿನಲ್ಲಿ, ನಿನ್ನದೇ ಭಾವದಲ್ಲಿ ಹೇಳು ಎಂದು ಹರ್ನ್ ಒತ್ತಾಯಿಸುತ್ತಿದ್ದನೆಂದು ಆಕೆ ತನ್ನ ನೆನಪುಗಳಲ್ಲಿ ದಾಖಲಿಸಿದ್ದಾಳೆ. 'ಕ್ವೈದಾನ್' ರೂಪುಗೊಂಡದ್ದು ಹೀಗೆ. ಎರಡು ಭಾಷೆಗಳ ನಡುವೆ ಸೇತುವೆ ಅಸಾಧ್ಯವೆಂದು ಹಗಲು ತರಗತಿಯಲ್ಲಿ ಬೋಧಿಸಿದವನು, ರಾತ್ರಿ ಮನೆಯಲ್ಲಿ ಅದೇ ಸೇತುವೆಯ ಮೇಲೆ ನಡೆಯುತ್ತಿದ್ದ.

6

ವಿದೇಶದಲ್ಲಿ ಓದಿ ಬಂದ ಜಪಾನೀಯರಿಗೆ ಸ್ಥಾನ ಕಲ್ಪಿಸುವ ನೀತಿಯ ಭಾಗವಾಗಿ 1903ರ ಮಾರ್ಚ್‌ನಲ್ಲಿ ಹರ್ನ್‌ನ ಸೇವೆ ಕೊನೆಗೊಂಡಿತು. ವಿದ್ಯಾರ್ಥಿಗಳು ಪ್ರತಿಭಟಿಸಿದರು. ಹರ್ನ್ ಬಹಳ ನೊಂದ. 1904ರಲ್ಲಿ ವಾಸೆದಾ ವಿಶ್ವವಿದ್ಯಾಲಯ ಅವನನ್ನು ಕರೆಯಿತು. ಆದರೆ ಅದೇ ವರ್ಷದ ಸೆಪ್ಟೆಂಬರ್ 26ರಂದು ಹೃದಯಾಘಾತದಿಂದ ಅವನು ತೀರಿಕೊಂಡ. ಆಗ ವಯಸ್ಸು ಐವತ್ತನಾಲ್ಕು.

ಅವನ ಸ್ಥಾನಕ್ಕೆ ಬಂದವರಲ್ಲಿ ಒಬ್ಬ ನತ್ಸುಮೆ ಸೋಸೆಕಿ (1867-1916). ಹರ್ನ್ ಕಲಿಸಿದ್ದ ಕುಮಾಮೊಟೊದ ಶಾಲೆಯಲ್ಲಿಯೇ 1896ರಿಂದ ಕಲಿಸಿ, 1900ರಿಂದ ಎರಡು ವರ್ಷ ಲಂಡನ್ನಿನಲ್ಲಿ ಒಂಟಿತನದಿಂದ ಬಳಲಿ ಬಂದಿದ್ದವನು. ಹರ್ನ್‌ನ ಭಾವಪೂರ್ಣ ಉಪನ್ಯಾಸಗಳಿಗೆ ಒಗ್ಗಿದ್ದ ವಿದ್ಯಾರ್ಥಿಗಳಿಗೆ ಸೋಸೆಕಿಯ ಒಣ ವಿಶ್ಲೇಷಣೆ ಮೊದಲು ಹಿಡಿಸಲಿಲ್ಲ. ಆದರೆ ಸೋಸೆಕಿ ಎತ್ತಿದ ಪ್ರಶ್ನೆ ಹರ್ನ್ ನಿಂತ ಜಾಗದಿಂದ ಮುಂದಕ್ಕೆ ಹೋಗುತ್ತದೆ. ಚೀನೀ ಅಭಿಜಾತ ಕೃತಿಗಳಿಂದ ಸಾಹಿತ್ಯವೆಂದರೇನೆಂದು ಕಲಿತ ತನಗೆ ಇಂಗ್ಲಿಷ್ ಸಾಹಿತ್ಯ ಬೇರೆಯೇ ಆಗಿ ಕಂಡು, ಮೋಸಹೋದಂತೆ ಅನ್ನಿಸಿತೆಂದು 'ಬುಂಗಾಕುರೋನ್' (1907) ಕೃತಿಯ ಮುನ್ನುಡಿಯಲ್ಲಿ ಅವನು ಹೇಳಿಕೊಂಡ. ಆ ಅಸಮಾಧಾನದಿಂದಲೇ ಸಾಹಿತ್ಯದ ಸಾಮಾನ್ಯ ತತ್ವವನ್ನು ಹುಡುಕಲು ಹೊರಟ. 1914ರ ಉಪನ್ಯಾಸವೊಂದರಲ್ಲಿ, ಇಂಗ್ಲಿಷ್ ವಿಮರ್ಶಕ ಮೆಚ್ಚಿದ ಕವಿತೆಯನ್ನು ತಾನೂ ಮೆಚ್ಚಬೇಕಾಗಿಲ್ಲ, ತನ್ನ ತೀರ್ಪಿಗೆ ತಾನೇ ಆಧಾರ ಎಂಬ ನಿಲುವಿಗೆ ಬಂದ ಬಗೆಯನ್ನು ವಿವರಿಸಿದ.

ಭೇದ ಇಲ್ಲಿದೆ. ವಿದ್ಯಾರ್ಥಿ ಬೇರೆಯಾಗಿ ಓದುತ್ತಾನೆ ಎಂಬುದನ್ನು ಹರ್ನ್ ಕಂಡ. ಅವನು ಬೇರೆ ಜನಾಂಗದವನಾದ್ದರಿಂದ ಹೀಗೆ ಎಂದು ವಿವರಿಸಿದ. ಬೇರೆಯಾಗಿ ಓದುವುದು ನನ್ನ ಹಕ್ಕು, ಅದಕ್ಕೆ ಕಾರಣವನ್ನೂ ನಾನೇ ಕೊಡಬಲ್ಲೆ ಎಂದು ಸೋಸೆಕಿ ಹೇಳಿದ. ಮೊದಲನೆಯದರಲ್ಲಿ ವಿದ್ಯಾರ್ಥಿ ತನ್ನ ಸಂಸ್ಕೃತಿಯ ಮಾದರಿ. ಎರಡನೆಯದರಲ್ಲಿ ಅವನು ವಿಮರ್ಶಕ.

7

ಇಂಗ್ಲಿಷನ್ನು ಪರಭಾಷೆಯಾಗಿ ಕಲಿಸುವ ಕ್ಷೇತ್ರದಲ್ಲಿ ಈ ಭೇದ ಇಂದಿಗೂ ಮುಗಿದ ಅಧ್ಯಾಯವಲ್ಲ. ಜಪಾನಿ ವಿದ್ಯಾರ್ಥಿಗಳು ಸಮೂಹನಿಷ್ಠರು, ಸ್ವಂತಿಕೆ ತೋರದವರು, ವಿಮರ್ಶಿಸದವರು ಎಂಬ ಚಿತ್ರಣವನ್ನು ಬೋಧನಾ ಸಂಕಥನವೇ ಕಟ್ಟಿಕೊಂಡಿದೆ ಎಂದು ರ್ಯೂಕೊ ಕುಬೊಟಾ 1999ರ ತಮ್ಮ ಲೇಖನದಲ್ಲಿ ತೋರಿಸಿದ್ದಾರೆ. ಅದಕ್ಕೂ ಒಂದು ಶತಮಾನ ಹಿಂದೆ ಮಾತ್ಸುಯೆಯ ಪ್ರಬಂಧಗಳನ್ನು ಓದುತ್ತ ಹರ್ನ್ ಬರೆದ ಮಾತುಗಳಲ್ಲಿ ಈ ಚಿತ್ರಣದ ಹಳೆಯ ರೂಪವೊಂದನ್ನು ಕಾಣಬಹುದು. ವಿಪರ್ಯಾಸವೆಂದರೆ, ಈ ಚಿತ್ರಣವನ್ನು ಸುಳ್ಳಾಗಿಸುವ ಅತ್ಯುತ್ತಮ ಸಾಕ್ಷ್ಯವೂ ಅವನ ಬರವಣಿಗೆಯಲ್ಲಿಯೇ ಇದೆ. ಅಡ್ಮೆಟಸ್‌ನನ್ನು ಹೇಡಿಯೆಂದವರೂ, ಸರ್ ಬೋರ್ಸ್‌ನನ್ನು ಕ್ರೈಸ್ತಧರ್ಮದ ಮಾತಿನಿಂದಲೇ ಪ್ರಶ್ನಿಸಿದವರೂ ವಿಮರ್ಶೆ ಬಾರದವರಲ್ಲ.

ಆದ್ದರಿಂದ ಹರ್ನ್‌ನ ಜೀವನದಿಂದ ಎರಡು ತೀರ್ಮಾನಗಳಿಗೆ ಬರಬಹುದು. ಒಂದು, ಸಾಂಸ್ಕೃತಿಕ ಗ್ರಹೀತಗಳು ತಿರಸ್ಕಾರದ ರೂಪದಲ್ಲಿ ಮಾತ್ರ ಬರುವುದಿಲ್ಲ. ಗೌರವದ ರೂಪದಲ್ಲಿಯೂ ಬರುತ್ತವೆ. ನಿಮ್ಮ ಸಂಸ್ಕೃತಿ ಹೀನ ಎನ್ನುವ ಶಿಕ್ಷಕನಂತೆಯೇ, ನಿಮ್ಮ ಸಂಸ್ಕೃತಿ ಇಂಥದ್ದು, ಅದನ್ನು ನೀವು ಮೀರಲಾರಿರಿ ಎನ್ನುವ ಶಿಕ್ಷಕನೂ ಕಲಿಯುವವನ ದಾರಿಯನ್ನು ಮುಚ್ಚುತ್ತಾನೆ. ಎರಡು, ಕಲಿಯುವವನ ಅಸಮ್ಮತಿಯನ್ನು ತಿದ್ದದೆ ದಾಖಲಿಸುವ ಪ್ರಾಮಾಣಿಕತೆ ಶಿಕ್ಷಕನಿಗಿದ್ದರೆ, ಅವನ ಸಿದ್ಧಾಂತ ಸೋತರೂ ಅವನ ತರಗತಿ ಸೋಲುವುದಿಲ್ಲ.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದ ಬಿ.ಎಂ.ಶ್ರೀಕಂಠಯ್ಯನವರು ಸೋಫೊಕ್ಲಿಸ್‌ನ ಏಜಾಕ್ಸ್‌ನನ್ನು 'ಅಶ್ವತ್ಥಾಮನ್' ಆಗಿ ಕನ್ನಡಕ್ಕೆ ತಂದದ್ದೂ ಬೇರೆಯಾಗಿ ಓದುವ ಇಂಥ ಹಕ್ಕಿನ ಚಲಾವಣೆಯೇ. ಅಲ್ಲಿ ಗ್ರೀಕ್ ವೀರನ ದುರಂತ ಭಾರತದ ಕಥಾಪಾತ್ರದಲ್ಲಿ ಮರುಹುಟ್ಟು ಪಡೆಯಿತು. ಓದಿದವರು ಓದಿದ್ದನ್ನು ತಮ್ಮದಾಗಿಸಿಕೊಂಡರು. ಕುಮಾಮೊಟೊದ ತರುಣರು ತರಗತಿಯ ಮಾತಿನಲ್ಲಿ ಆರಂಭಿಸಿದ ಕೆಲಸವೂ ಅದೇ ಜಾತಿಯದು.

ಟೋಕಿಯೊದ ಜೊಷಿಗಾಯಾ ಸ್ಮಶಾನದಲ್ಲಿ ಹರ್ನ್‌ನ ಸಮಾಧಿಯಿದೆ. ಸೋಸೆಕಿಯ ಸಮಾಧಿಯೂ ಅದೇ ಸ್ಮಶಾನದಲ್ಲಿದೆ. ಇಂಗ್ಲಿಷನ್ನು ಹೊರಗಿನಿಂದ ತಂದು ಕಲಿಸಿದವನೂ, ಅದನ್ನು ಕಲಿತು ತನ್ನ ತೀರ್ಪನ್ನು ತಾನೇ ಕೊಟ್ಟವನೂ ಅಲ್ಲಿ ಹತ್ತಿರದಲ್ಲಿಯೇ ಇದ್ದಾರೆ. ಪರಭಾಷೆಯ ತರಗತಿಯ ಚರಿತ್ರೆಯನ್ನು ಬರೆಯುವವರು ಈ ಇಬ್ಬರನ್ನೂ ಒಟ್ಟಿಗೆ ಓದಬೇಕಾಗುತ್ತದೆ.